ಕ್ಯಾಡ್ಮಿಯಂ ಹಿಡಿದು ಸತುವನ್ನು ಬಿಡುವ ಲಿಗ್ಯಾಂಡ್: ಲೆಕ್ಕದಲ್ಲಿ ಯಾವಾಗಲೂ ಸತುವೇ ಗೆಲ್ಲುತ್ತಿದೆ, ತಪ್ಪು ಎಲ್ಲಿದೆ?

ಕೀಲೇಟ್ ಕುತೂಹಲಿ (ಪ್ರಶ್ನೆ)

ನೀರಿನಲ್ಲಿ ಸತುವಿನ ಅಯಾನು ಧಾರಾಳವಾಗಿ ಇರುವಾಗಲೂ ಕ್ಯಾಡ್ಮಿಯಂ ಅಯಾನನ್ನೇ ಆರಿಸಿ ಹಿಡಿಯುವ ಲಿಗ್ಯಾಂಡ್ (ಲೋಹದ ಅಯಾನನ್ನು ಸುತ್ತುವರಿದು ಹಿಡಿಯುವ ಅಣು) ವಿನ್ಯಾಸ ಮಾಡಬೇಕಿದೆ. ಎರಡಕ್ಕೂ ಆವೇಶ +2, ಎರಡರಲ್ಲೂ ಡಿ ಕಕ್ಷಕ ಪೂರ್ತಿ ತುಂಬಿದೆ. ಆರು ದಾನಿಗಳು (ಲೋಹಕ್ಕೆ ಎಲೆಕ್ಟ್ರಾನ್ ಜೋಡಿ ಕೊಟ್ಟು ಹಿಡಿಯುವ ಪರಮಾಣುಗಳು) ಸುತ್ತುವರಿದಾಗ ಸತುವಿನ ತ್ರಿಜ್ಯ 0.74 ಆಂಗ್‌ಸ್ಟ್ರಾಮ್, ಕ್ಯಾಡ್ಮಿಯಂನದು 0.95. ಹಿಡಿದುಕೊಳ್ಳಲು ಸಿಗುವುದು ಈ 0.2ರ ವ್ಯತ್ಯಾಸ ಮತ್ತು ಕ್ಯಾಡ್ಮಿಯಂನ ಸ್ವಲ್ಪ ಮೆದು ಸ್ವಭಾವ, ಅಷ್ಟೇ.

ಈಗ ಅನುಸರಿಸುತ್ತಿರುವ ದಾರಿ ಹೀಗಿದೆ. ಅವೊಗ್ಯಾಡ್ರೊ ಎಂಬ ತಂತ್ರಾಂಶದಲ್ಲಿ ಸಂಕೀರ್ಣ (ಲೋಹ, ಲಿಗ್ಯಾಂಡ್ ಸೇರಿದ್ದು) ಕಟ್ಟಿ, ಡಿಎಫ್‌ಟಿ ಎಂಬ ಕ್ವಾಂಟಂ ಲೆಕ್ಕಕ್ಕೆ ಬಿ3ಎಲ್‌ವೈಪಿ ಮತ್ತು ಲ್ಯಾನ್‌ಎಲ್2ಡಿಝಡ್ (ಮೊದಲನೆಯದು ಶಕ್ತಿಯ ಸೂತ್ರ, ಅಂದರೆ ಫಂಕ್ಷನಲ್; ಎರಡನೆಯದು ಎಲೆಕ್ಟ್ರಾನುಗಳನ್ನು ವರ್ಣಿಸುವ ಫಲನಗಳ ಗುಂಪು) ಇಟ್ಟುಕೊಂಡು ಅನಿಲ ಸ್ಥಿತಿಯಲ್ಲಿ ರಚನೆ ಸರಿಪಡಿಸುವುದು. ಆಮೇಲೆ ಸಂಕೀರ್ಣದ ಶಕ್ತಿಯಿಂದ ಬರಿ ಲೋಹ ಅಯಾನಿನ ಶಕ್ತಿಯನ್ನೂ ಬರಿ ಲಿಗ್ಯಾಂಡಿನ ಶಕ್ತಿಯನ್ನೂ ಕಳೆದು "ಬಂಧನ ಶಕ್ತಿ" ತೆಗೆಯುವುದು. ಸಂಖ್ಯೆಗಳು ನೂರಾರು ಕಿಲೋಕ್ಯಾಲರಿಗಳಲ್ಲಿ ಬರುತ್ತಿವೆ. ಯಾವ ಲಿಗ್ಯಾಂಡ್ ಕೊಟ್ಟರೂ ಸತುವೇ ಗಟ್ಟಿ ಎನ್ನುತ್ತಿದೆ. ಪ್ರಯೋಗದಲ್ಲಿ ಇಜಿಟಿಎ ಎಂಬ ಲಿಗ್ಯಾಂಡ್ ಕ್ಯಾಡ್ಮಿಯಂ ಕಡೆ ಸ್ಪಷ್ಟವಾಗಿ ವಾಲುತ್ತದೆ ಎಂದು ಗೊತ್ತಿದೆ, ಲೆಕ್ಕದಲ್ಲಿ ಅದೂ ಉಲ್ಟಾ.

1. ಫಂಕ್ಷನಲ್ ಬದಲಿಸಿದರೆ ಸರಿಹೋಗುತ್ತದೆಯೇ, ಅಥವಾ ಲೆಕ್ಕದ ಚೌಕಟ್ಟೇ ತಪ್ಪೇ?
2. ಹೊಸ ಲಿಗ್ಯಾಂಡಿನ ಆಕಾರ ಎಲ್ಲಿಂದ ಶುರು ಮಾಡಬೇಕು? ಕಣ್ಣಂದಾಜಿನಲ್ಲಿ ಬಿಡಿಸುತ್ತಾ ಹೋದರೆ ಕೊನೆಯಿಲ್ಲ.
3. ಸಂಶ್ಲೇಷಣೆಗೆ ಕೊಡುವ ಮೊದಲು ಇನ್ನೇನು ನೋಡಿರಬೇಕು?

ಉಷ್ಣಚಕ್ರ

ಚೌಕಟ್ಟೇ ತಪ್ಪು. ಫಂಕ್ಷನಲ್ ಎಷ್ಟು ಬದಲಿಸಿದರೂ ಇದು ನೇರವಾಗುವುದಿಲ್ಲ.

ನೀರಿನಲ್ಲಿ ಬರಿ ಅಯಾನು ಎನ್ನುವುದು ಇಲ್ಲವೇ ಇಲ್ಲ. ಲಿಗ್ಯಾಂಡ್ ಹಿಡಿಯುವ ಮೊದಲು ನೀರು ಹಿಡಿದಿರುತ್ತದೆ. ಜಲೀಕರಣದ ಮುಕ್ತ ಶಕ್ತಿ ಸತುವಿಗೆ ಮೋಲ್‌ಗೆ ಸುಮಾರು −1955 ಕಿಲೋಜೂಲ್, ಕ್ಯಾಡ್ಮಿಯಂಗೆ ಸುಮಾರು −1755. ವ್ಯತ್ಯಾಸ 200 ಕಿಲೋಜೂಲ್, ಅಂದರೆ ಸುಮಾರು 48 ಕಿಲೋಕ್ಯಾಲರಿ. ಚಿಕ್ಕ ಅಯಾನು ಯಾವ ದಾನಿಯನ್ನಾದರೂ ಹೆಚ್ಚು ಬಿಗಿಯಾಗಿ ಎಳೆಯುತ್ತದೆ, ನೀರನ್ನೂ ಹಾಗೆಯೇ. ನಿಮ್ಮ ಲೆಕ್ಕದಲ್ಲಿ ಲಿಗ್ಯಾಂಡಿನ ಎಳೆತ ಮಾತ್ರ ಇದೆ, ನೀರನ್ನು ಬಿಡಿಸುವ ಖರ್ಚು ಇಲ್ಲ. ಸತು ಗೆಲ್ಲದೆ ಇನ್ನೇನಾಗಬೇಕು?

ಈಗ ನಮಗೆ ಬೇಕಾದ ನಿಖರತೆ ಎಷ್ಟೆಂದು ನೋಡಿ. 298 ಕೆಲ್ವಿನ್‌ನಲ್ಲಿ ಲಾಗ್ ಕೆ (ಲಿಗ್ಯಾಂಡ್ ಲೋಹವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಹೇಳುವ ಸಮತೋಲನ ಸ್ಥಿರಾಂಕದ ಲಾಗರಿದಮ್) ಒಂದು ಘಟಕ ಅಂದರೆ 1.364 ಕಿಲೋಕ್ಯಾಲರಿ. ನೂರಾರು ಕಿಲೋಕ್ಯಾಲರಿಯ ದೊಡ್ಡ ಸಂಖ್ಯೆಗಳನ್ನು ಕಳೆದು ಅದರಲ್ಲಿ ಒಂದೆರಡನ್ನು ಹುಡುಕುವುದು ಆಗದ ಕೆಲಸ. ಅದರ ಮೇಲೆ, ನಾಲ್ಕು ಋಣ ಆವೇಶದ ಇಡಿಟಿಎ ಎಂಬ ಲಿಗ್ಯಾಂಡ್ ಅನಿಲ ಸ್ಥಿತಿಯಲ್ಲಿ ತನ್ನ ಎಲೆಕ್ಟ್ರಾನುಗಳನ್ನೇ ಹಿಡಿದಿಟ್ಟುಕೊಳ್ಳಲಾರದು. ಆ ಶಕ್ತಿಗೆ ಭೌತಿಕ ಅರ್ಥವಿಲ್ಲ.

ನಿಮ್ಮ ಪ್ರಶ್ನೆ "ಎಷ್ಟು ಗಟ್ಟಿ" ಎಂಬುದಲ್ಲ, "ಯಾವುದು ಹೆಚ್ಚು ಗಟ್ಟಿ" ಎಂಬುದು. ಹಾಗಿದ್ದರೆ ಅದನ್ನೇ ನೇರವಾಗಿ ಲೆಕ್ಕ ಹಾಕಿ:

ಸತು·ಲಿಗ್ಯಾಂಡ್ + ಕ್ಯಾಡ್ಮಿಯಂ·6 ನೀರು → ಕ್ಯಾಡ್ಮಿಯಂ·ಲಿಗ್ಯಾಂಡ್ + ಸತು·6 ನೀರು

ಎಡಕ್ಕೂ ಬಲಕ್ಕೂ ಕಣಗಳ ಸಂಖ್ಯೆ ಒಂದೇ, ಆವೇಶಗಳೂ ಒಂದೇ. ದ್ರಾವಕ ಮಾದರಿಯ ತಪ್ಪಿನ ಬಹುಪಾಲು ಎರಡು ಬದಿಯಲ್ಲಿ ಹೊಡೆದುಹೋಗುತ್ತದೆ. ಬರಿ ಲಿಗ್ಯಾಂಡ್ ಸಮೀಕರಣದಿಂದಲೇ ಮಾಯವಾಗುತ್ತದೆ, ಹಾಗಾಗಿ ಅದರ ನೂರಾರು ಭಂಗಿಗಳನ್ನು ಹುಡುಕುವ ಗೋಜೂ ಇಲ್ಲ. ಇನ್ನೊಂದು ಅನುಕೂಲವನ್ನು ಬಹಳ ಜನ ಗಮನಿಸುವುದಿಲ್ಲ: ನೀರು ಸುತ್ತಿದ ಎರಡು ಅಯಾನುಗಳ ಶಕ್ತಿ ಎಲ್ಲ ಲಿಗ್ಯಾಂಡುಗಳಿಗೂ ಸಮಾನ. ಅಲ್ಲಿ ಎಷ್ಟೇ ತಪ್ಪಿದ್ದರೂ ಅದು ಒಂದು ಸ್ಥಿರ ಸಂಖ್ಯೆ. ಪ್ರಯೋಗದ ಮೌಲ್ಯಗಳ ಜೊತೆ ರೇಖೆ ಎಳೆದಾಗ ಅಂತಃಖಂಡದಲ್ಲಿ ಕೂತುಬಿಡುತ್ತದೆ, ಲಿಗ್ಯಾಂಡುಗಳ ಕ್ರಮವನ್ನು ಕೆಡಿಸುವುದಿಲ್ಲ.

ಆ ರೇಖೆಗೆ ಬೇಕಾದ ಗೊತ್ತಿರುವ ಲಿಗ್ಯಾಂಡುಗಳು ಕೈಗೆಟುಕುವಲ್ಲೇ ಇವೆ. ಕ್ಯಾಡ್ಮಿಯಂನ ಲಾಗ್ ಕೆಯಿಂದ ಸತುವಿನದನ್ನು ಕಳೆದರೆ, 0.1 ಅಯಾನಿಕ ತೀವ್ರತೆಯಲ್ಲಿ, ಹೆಚ್ಚುಕಮ್ಮಿ ಹೀಗೆ ಬರುತ್ತದೆ:

ಟ್ರೈಎನ್: −1.4
ಎನ್‌ಟಿಎ: −0.8
ಇಡಿಟಿಎ: 0
ಸಿಡಿಟಿಎ: +0.5
ಟಿಪಿಇಎನ್: +0.7
ಡಿಟಿಪಿಎ: +0.7
ಇಜಿಟಿಎ: +4

ಪೂರ್ತಿ ವ್ಯಾಪ್ತಿ 5.4 ಘಟಕ, ಅಂದರೆ 7.4 ಕಿಲೋಕ್ಯಾಲರಿ. ಇಷ್ಟರೊಳಗೆ ಕ್ರಮ ಸರಿ ಬಂದರೆ ನಿಮ್ಮ ವಿಧಾನವನ್ನು ನಂಬಬಹುದು. ಎಚ್‌ಇಡಿಟಿಎ (ಸುಮಾರು −1.5) ರೇಖೆಯೊಳಗೆ ಸೇರಿಸದೆ ಹೊರಗಿಡಿ, ಪರೀಕ್ಷೆಗೆ ಬೇಕಾಗುತ್ತದೆ. ಮೌಲ್ಯಗಳನ್ನು ನೀವೇ ಕೋಷ್ಟಕದಿಂದ ತೆಗೆಯುವಾಗ ತಾಪಮಾನ ಮತ್ತು ಅಯಾನಿಕ ತೀವ್ರತೆ ಎರಡೂ ಲೋಹಕ್ಕೆ ಒಂದೇ ಇದೆಯೇ ನೋಡಿಕೊಳ್ಳಿ. ಒಂದನ್ನು ಒಂದು ಕಡೆಯಿಂದ, ಇನ್ನೊಂದನ್ನು ಇನ್ನೊಂದು ಕಡೆಯಿಂದ ತಂದರೆ ಅಲ್ಲೇ ಅರ್ಧ ಘಟಕ ಸುಲಭವಾಗಿ ಕಳೆದುಹೋಗುತ್ತದೆ.

ಲೆಕ್ಕದ ಹಂತಗಳು. ಮೊದಲು ಕ್ರೆಸ್ಟ್ ಎಂಬ ತಂತ್ರಾಂಶದಲ್ಲಿ ಜಿಎಫ್‌ಎನ್2 ಎಂಬ ವೇಗದ ಅರೆ-ಅನುಭವಾತ್ಮಕ ವಿಧಾನ ಹಾಕಿ ಸಂಕೀರ್ಣದ ಭಂಗಿಗಳನ್ನು ಹುಡುಕಿ, ನೀರಿನ ಎಎಲ್‌ಪಿಬಿ ದ್ರಾವಕ ಮಾದರಿಯಲ್ಲಿ, 6 ಕಿಲೋಕ್ಯಾಲರಿ ಕಿಟಕಿಯೊಳಗೆ. ಲೋಹದಿಂದ ದಾನಿಗಳ ದೂರಕ್ಕೆ 0.25ರ ಆಸುಪಾಸಿನ ಬಲಸ್ಥಿರಾಂಕದ ಕಟ್ಟು ಹಾಕಿ. ಇಲ್ಲದಿದ್ದರೆ ಅರೆ-ಅನುಭವಾತ್ಮಕ ವಿಧಾನ ಒಂದೊಂದು ಸಲ ಕಾರ್ಬಾಕ್ಸಿಲೇಟನ್ನು ಬಿಡಿಸಿಬಿಡುತ್ತದೆ, ಅಥವಾ ಇಲ್ಲದ ಬಂಧ ಕಟ್ಟುತ್ತದೆ. ಬಂದವುಗಳಲ್ಲಿ ಕೆಳಗಿನ ಎಂಟು ಹತ್ತನ್ನು ಕಟ್ಟು ತೆಗೆದು ಓರ್ಕಾ ತಂತ್ರಾಂಶದಲ್ಲಿ ಆರ್2ಸ್ಕ್ಯಾನ್-3ಸಿ ಎಂಬ ಡಿಎಫ್‌ಟಿ ವಿಧಾನ ಮತ್ತು ಸಿಪಿಸಿಎಂ ದ್ರಾವಕ ಮಾದರಿಯ ನೀರಿನೊಂದಿಗೆ ಮತ್ತೆ ಸರಿಪಡಿಸಿ. ಟಿಪಿಇಎನ್‌ನಂಥ 60 ಪರಮಾಣುವಿನ ಲಿಗ್ಯಾಂಡಿಗೂ ಇದು ಭಾರವಲ್ಲ.

ನಂತರ ಕಂಪನಾಂಕ ಲೆಕ್ಕ. ಕಾಲ್ಪನಿಕ ಕಂಪನಾಂಕ (ರಚನೆ ಇನ್ನೂ ಕನಿಷ್ಠ ಶಕ್ತಿಗೆ ಇಳಿದಿಲ್ಲ ಎಂಬ ಸೂಚನೆ) ಒಂದೂ ಇರಬಾರದು. ನೀರಿನ ಅಣು ತಿರುಗುವ ಸಣ್ಣ ಕಾಲ್ಪನಿಕ ಕಂಪನ ಉಳಿದರೆ, ಆ ಕಂಪನದ ದಿಕ್ಕಿನಲ್ಲೇ ರಚನೆಯನ್ನು ಸ್ವಲ್ಪ ಸರಿಸಿ ಮತ್ತೆ ಓಡಿಸಿ. ಸೆಂಟಿಮೀಟರಿಗೆ 100ಕ್ಕಿಂತ ಕೆಳಗಿನ ಕಂಪನಗಳನ್ನು ಸರಳ ಹಾರ್ಮೋನಿಕ್ ಆಗಿ ಬಿಟ್ಟರೆ ಎಂಟ್ರೊಪಿ ಊದಿಕೊಳ್ಳುತ್ತದೆ. ರಸಾಯನಶಾಸ್ತ್ರಜ್ಞ ಗ್ರಿಮೆ 2012ರಲ್ಲಿ ಕೊಟ್ಟ, ಅಂಥ ಕಂಪನಗಳನ್ನು ತಿರುಗುವಿಕೆಯಂತೆ ಎಣಿಸುವ ತಿದ್ದುಪಡಿ ಬಳಸಿ, ಓರ್ಕಾ ಅದನ್ನು ತಾನಾಗಿಯೇ ಹಾಕುತ್ತದೆ.

ಕೊನೆಗೆ ಶಕ್ತಿಯನ್ನು ಮಾತ್ರ ಪಿಬಿಇ0-ಡಿ4 ಎಂಬ ಫಂಕ್ಷನಲ್, ಡೆಫ್2-ಟಿಝಡ್‌ವಿಪಿಪಿ ಎಂಬ ಫಲನಗಳ ಗುಂಪಿನ ಮಟ್ಟದಲ್ಲಿ ತೆಗೆಯಿರಿ. ಋಣ ಆವೇಶದ ಸಂಕೀರ್ಣಗಳಿದ್ದರೆ ಹರಡಿದ ಫಲನಗಳಿರುವ ಡೆಫ್2-ಟಿಝಡ್‌ವಿಪಿಡಿ ಒಳ್ಳೆಯದು. ಲ್ಯಾನ್‌ಎಲ್2ಡಿಝಡ್ ಬಿಟ್ಟುಬಿಡಿ. ಅದರಲ್ಲಿ ಧ್ರುವೀಕರಣ ಫಲನಗಳಿಲ್ಲ, ಕ್ಯಾಡ್ಮಿಯಂನ 12 ಎಲೆಕ್ಟ್ರಾನುಗಳನ್ನಷ್ಟೇ ಅದು ನೋಡುತ್ತದೆ. ಡೆಫ್2ರಲ್ಲಿ ಒಳಗಿನ 28 ಮಾತ್ರ ಹುಸಿವಿಭವದೊಳಗೆ (ಒಳಗಿನ ಎಲೆಕ್ಟ್ರಾನುಗಳ ಬದಲು ಇಡುವ ಸರಳ ಕ್ಷೇತ್ರ), ಉಳಿದ 20 ಲೆಕ್ಕಕ್ಕೆ ಸಿಗುತ್ತವೆ. ನಿಮ್ಮ ಅದೃಷ್ಟಕ್ಕೆ ಈ ಎರಡು ಲೋಹಗಳಲ್ಲಿ ಒಂಟಿ ಎಲೆಕ್ಟ್ರಾನಿಲ್ಲ, ಸ್ಪಿನ್ ತಲೆನೋವು ಇಲ್ಲ. ಕಬ್ಬಿಣ, ಕೋಬಾಲ್ಟ್ ಆಗಿದ್ದರೆ ಪ್ರತಿ ಸ್ಪಿನ್ ಸ್ಥಿತಿಗೂ ಇಡೀ ಸರಣಿಯನ್ನು ಮತ್ತೆ ಓಡಿಸಬೇಕಿತ್ತು.

ನೀರಿನ ಎಣಿಕೆಯಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಟ್ರೈಎನ್‌ಗೆ ನಾಲ್ಕೇ ದಾನಿಗಳು. ಉಳಿದ ಜಾಗಕ್ಕೆ ಎರಡು ನೀರನ್ನು ನೀವೇ ಇಡಬೇಕು, ನಿರಂತರ ದ್ರಾವಕ ಮಾದರಿ (ನೀರನ್ನು ಅಣುಗಳಾಗಿ ಅಲ್ಲ, ಹರಡಿದ ಮಾಧ್ಯಮವಾಗಿ ಕಾಣುವುದು) ಆ ಕೆಲಸ ಮಾಡುವುದಿಲ್ಲ. ಕ್ಯಾಡ್ಮಿಯಂ ಸಂಕೀರ್ಣ ಏಳನೆಯದಾಗಿ ಒಂದು ನೀರನ್ನು ಹಿಡಿದು, ಸತುವಿನದು ಹಿಡಿಯದಿದ್ದರೆ ಎಡಬದಿಗೆ ಒಂದು ಬಿಡಿ ನೀರು ಬರುತ್ತದೆ, ಕಣಗಳ ಸಮತೋಲ ತಪ್ಪುತ್ತದೆ. ಆಗ 1 ವಾತಾವರಣದಿಂದ 1 ಮೋಲಾರ್ ಸ್ಥಿತಿಗೆ ಬರಲು 1.89 ಕಿಲೋಕ್ಯಾಲರಿ, ನೀರು 55.3 ಮೋಲಾರ್ ಇರುವುದಕ್ಕೆ 2.38. ಎರಡನ್ನೂ ಮರೆತರೆ 4.27 ಕಿಲೋಕ್ಯಾಲರಿ, ಅಂದರೆ 3 ಲಾಗ್ ಘಟಕಕ್ಕೂ ಮೀರಿದ ತಪ್ಪು. ಇದಕ್ಕಿಂತ ಸುಲಭದ ದಾರಿಯೊಂದಿದೆ: ಆ ನೀರನ್ನು ಸತುವಿನ ಸಂಕೀರ್ಣದಲ್ಲೂ ಬಿಡದೆ ಇಟ್ಟುಕೊಳ್ಳಿ, ಲೋಹಕ್ಕೆ ಅಂಟಿಸಿ ಅಲ್ಲ, ಹೊರಗಡೆ ಕಾರ್ಬಾಕ್ಸಿಲೇಟಿಗೆ ಹೈಡ್ರೊಜನ್ ಬಂಧದಲ್ಲಿ ನೇತುಹಾಕಿ. ಎಣಿಕೆ ಸಮವಾಗುತ್ತದೆ, ತಿದ್ದುಪಡಿಯ ಅಗತ್ಯವೇ ಬೀಳುವುದಿಲ್ಲ.

ಕಚ್ಚುಕೋನ

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಕಣ್ಣಂದಾಜಿಗೆ ಬದಲು ಉಂಗುರದ ಗಾತ್ರದಿಂದ ಶುರು ಮಾಡಿ. ಈ ವಿಷಯದಲ್ಲಿ ರಸಾಯನಶಾಸ್ತ್ರಜ್ಞ ರಾಬರ್ಟ್ ಹ್ಯಾನ್ಕಾಕ್ ತೋರಿಸಿಕೊಟ್ಟ ನಿಯಮದಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ಲೋಹವೂ ಸೇರಿ ಐದು ಪರಮಾಣುಗಳ ಕೀಲೇಟ್ ಉಂಗುರಕ್ಕೆ (ಲಿಗ್ಯಾಂಡಿನ ಎರಡು ದಾನಿಗಳು ಒಂದೇ ಲೋಹವನ್ನು ಹಿಡಿದಾಗ ಆಗುವ ಉಂಗುರ) ಒತ್ತಡವಿಲ್ಲದ ಸ್ಥಿತಿ ಅಂದರೆ ಲೋಹ-ಸಾರಜನಕ ದೂರ ಸುಮಾರು 2.5 ಆಂಗ್‌ಸ್ಟ್ರಾಮ್, ಕಚ್ಚುಕೋನ (ದಾನಿ-ಲೋಹ-ದಾನಿ ಕೋನ) ಸುಮಾರು 69 ಡಿಗ್ರಿ. ಆರು ಪರಮಾಣುಗಳ ಉಂಗುರಕ್ಕೆ 1.6 ಆಂಗ್‌ಸ್ಟ್ರಾಮ್, 109.5 ಡಿಗ್ರಿ. ಐದರ ಉಂಗುರ ದೊಡ್ಡ ಅಯಾನಿಗೆ ಒಗ್ಗುತ್ತದೆ, ಆರರ ಉಂಗುರ ಚಿಕ್ಕದಕ್ಕೆ. ಉಂಗುರ ದೊಡ್ಡದಾದರೆ ದೊಡ್ಡ ಲೋಹ ಕೂರುತ್ತದೆ ಎಂದು ಮೊದಲ ನೋಟಕ್ಕೆ ಅನಿಸುವುದರ ನೇರ ವಿರುದ್ಧ. ಕಾರಣ ಇಷ್ಟೇ: ದಾನಿಗಳ ಒಂಟಿ ಎಲೆಕ್ಟ್ರಾನ್ ಜೋಡಿಗಳು ಎಲ್ಲಿ ಸಂಧಿಸುವಂತೆ ಮುಖ ಮಾಡಿವೆಯೋ ಆ ಬಿಂದು ಐದರ ಉಂಗುರದಲ್ಲಿ ದೂರದಲ್ಲಿದೆ.

ಒಂದು ಉಂಗುರವನ್ನು ಹತ್ತಿರದಿಂದ ನೋಡೋಣ. 2.5 ಆಂಗ್‌ಸ್ಟ್ರಾಮ್, 69 ಡಿಗ್ರಿ ಇಟ್ಟರೆ ಎರಡು ಸಾರಜನಕಗಳ ನಡುವೆ 2.83 ಆಂಗ್‌ಸ್ಟ್ರಾಮ್ ಬರುತ್ತದೆ. ಎಥಿಲೀನ್‌ಡೈಅಮೀನ್ ನಿರಾಳವಾಗಿ ಬಾಗಿದಾಗ ಇರುವ ದೂರವೇ ಇದು. ಇದನ್ನು ಬದಲಿಸದೆ ನಡುವೆ 2.1 ಆಂಗ್‌ಸ್ಟ್ರಾಮ್ ಬಂಧದ ಸತು ಇಟ್ಟರೆ ಕೋನ 85 ಡಿಗ್ರಿಗೆ ತೆರೆಯಬೇಕು, ಒಂಟಿ ಜೋಡಿಗಳು ಲೋಹದ ಆಚೆಗೆ ಗುರಿಯಿಟ್ಟಂತಾಗುತ್ತದೆ. 2.35ರ ಕ್ಯಾಡ್ಮಿಯಂ ಇಟ್ಟರೆ 74 ಡಿಗ್ರಿ ಸಾಕು. ಒಂದು ಉಂಗುರದಲ್ಲಿ ಈ ವ್ಯತ್ಯಾಸ ಅಲ್ಪ, ನಾಲ್ಕೈದು ಉಂಗುರ ಸೇರಿದಾಗ ಕೂಡುತ್ತಾ ಹೋಗುತ್ತದೆ.

ಪ್ರಯೋಗದಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಇಡಿಟಿಎಯ ಎರಡು ಸಾರಜನಕಗಳ ನಡುವಿನ ಎರಡು ಇಂಗಾಲದ ಸೇತುವೆಗೆ ಇನ್ನೊಂದು ಇಂಗಾಲ ಸೇರಿಸಿ ಆರರ ಉಂಗುರ ಮಾಡಿದರೆ ತಾಮ್ರದ ಲಾಗ್ ಕೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಸೀಸದ್ದು ನಾಲ್ಕು ಘಟಕಕ್ಕೂ ಹೆಚ್ಚು ಕುಸಿಯುತ್ತದೆ. ಸತು ಸ್ವಲ್ಪ ಇಳಿಯುತ್ತದೆ, ಕ್ಯಾಡ್ಮಿಯಂ ಅದಕ್ಕಿಂತ ಜಾಸ್ತಿ. ಹಾಗಾಗಿ ನಿಮ್ಮ ಕೆಲಸಕ್ಕೆ ಪ್ರೊಪಿಲೀನ್ ಸೇತುವೆ ಬೇಡವೇ ಬೇಡ.

ಎರಡನೆಯ ಹಿಡಿ, ಆವೇಶವಿಲ್ಲದ ಆಮ್ಲಜನಕ. ಈಥರ್, ಆಲ್ಕೊಹಾಲ್, ಅಮೈಡ್‌ಗಳ ಆಮ್ಲಜನಕವನ್ನು ಐದರ ಉಂಗುರದೊಳಗೆ ಸೇರಿಸಿದಷ್ಟೂ ಆಯ್ಕೆ ದೊಡ್ಡ ಅಯಾನಿನ ಕಡೆ ಜಾರುತ್ತದೆ. ಇಜಿಟಿಎ ಮಾಡುವುದು ಅದನ್ನೇ. ಸಾರಜನಕಗಳ ನಡುವಿನ ಸರಪಳಿಯಲ್ಲಿ ಎರಡು ಈಥರ್ ಆಮ್ಲಜನಕ, ಒಟ್ಟು ಎಂಟು ದಾನಿಗಳು. ಕ್ಯಾಡ್ಮಿಯಂ ಆರಕ್ಕಿಂತ ಹೆಚ್ಚು ದಾನಿಗಳನ್ನು ಸುತ್ತ ಕೂರಿಸಿಕೊಳ್ಳಬಲ್ಲದು. ಸತುವಿಗೆ ಅಷ್ಟು ಜಾಗವಿಲ್ಲ. ಅದು ಈಥರ್‌ಗಳನ್ನು ಬಿಟ್ಟರೆ ಎರಡು ಸಾರಜನಕಗಳ ನಡುವೆ ಉದ್ದದ ಸಡಿಲ ಉಂಗುರ ಉಳಿಯುತ್ತದೆ, ಹಿಡಿದರೆ ಕಾರ್ಬಾಕ್ಸಿಲೇಟ್ ತೋಳುಗಳನ್ನು ಬಿಡಬೇಕಾಗುತ್ತದೆ. ಸತುವಿಗೆ ಇಡಿಟಿಎಯಲ್ಲಿ 16.5 ಇರುವುದು ಇಜಿಟಿಎಯಲ್ಲಿ 12.6ರ ಆಸುಪಾಸಿಗೆ ಇಳಿಯುತ್ತದೆ. ಕ್ಯಾಡ್ಮಿಯಂ ಎರಡರಲ್ಲೂ 16.5ರ ಹತ್ತಿರವೇ. ಆಯ್ಕೆ ಬಂದದ್ದು ಕ್ಯಾಡ್ಮಿಯಂ ಗಟ್ಟಿಯಾದದ್ದರಿಂದ ಅಲ್ಲ, ಸತು ಸಡಿಲವಾದದ್ದರಿಂದ. ವಿನ್ಯಾಸ ಮಾಡುವಾಗ ಇದನ್ನೇ ಗುರಿಯಾಗಿ ಇಟ್ಟುಕೊಳ್ಳಿ: ಬೇಡದ ಲೋಹಕ್ಕೆ ಅನಾನುಕೂಲ ಮಾಡುವುದು.

ಗಂಧಕದ ಬಗ್ಗೆ ಆಸೆ ಸಹಜ. ಥಯೊಈಥರ್ ಕ್ಯಾಡ್ಮಿಯಂ ಕಡೆ ವಾಲುತ್ತದೆ, ಆದರೆ ಪಾದರಸ, ಬೆಳ್ಳಿ, ಒಂದು ಆವೇಶದ ತಾಮ್ರ ಇದ್ದಲ್ಲಿ ಅವು ಮೊದಲು ಬಂದು ಕೂರುತ್ತವೆ. ಥಯೊಲ್ ಇನ್ನೂ ಬಲವಾಗಿ ಹಿಡಿಯುತ್ತದೆ, ಗಾಳಿ ಸಿಕ್ಕರೆ ಡೈಸಲ್ಫೈಡ್ ಆಗಿ ಕೆಟ್ಟುಹೋಗುತ್ತದೆ. ಲೆಕ್ಕದಲ್ಲಿ ಇದು ಕಾಣುವುದಿಲ್ಲ.

ಆಕಾರ ಹುಡುಕಲು ಬೆಂಜಮಿನ್ ಹೇ ಅವರ ಗುಂಪು ಕಟ್ಟಿದ ಹೋಸ್ಟ್‌ಡಿಸೈನರ್ ಎಂಬ ತಂತ್ರಾಂಶ ನೋಡಿ, ಮೊದಲ ಪ್ರಬಂಧ 2002ರದು. ಲೋಹ ಮತ್ತು ಎರಡು ದಾನಿ ತುಣುಕುಗಳನ್ನು ಬೇಕಾದ ದೂರ, ಕೋನದಲ್ಲಿ ಇಟ್ಟುಕೊಟ್ಟರೆ, ಅವುಗಳನ್ನು ಜೋಡಿಸಬಲ್ಲ ಕೊಂಡಿಗಳನ್ನು ತನ್ನ ಸಂಗ್ರಹದಿಂದ ಒಂದೊಂದಾಗಿ ಹಾಕಿ ನೋಡುತ್ತದೆ, ಎಷ್ಟು ಚೆನ್ನಾಗಿ ಕೂರುತ್ತದೆ ಎಂಬ ಕ್ರಮದಲ್ಲಿ ಪಟ್ಟಿ ಕೊಡುತ್ತದೆ. ಸಾವಿರಾರು ರಚನೆ ನಿಮಿಷಗಳಲ್ಲಿ ಬರುತ್ತವೆ. ಒಳಗೆ ಕೊಡುವ ತುಣುಕಿನ ಜ್ಯಾಮಿತಿ ಸರಿ ಇರುವುದು ಮುಖ್ಯ. ಕ್ಯಾಡ್ಮಿಯಂ-ಸಾರಜನಕ 2.35, ಕ್ಯಾಡ್ಮಿಯಂ-ಈಥರ್ ಆಮ್ಲಜನಕ ಅದಕ್ಕಿಂತ ಉದ್ದ. ಮೊದಲು ಸಣ್ಣ ತುಣುಕನ್ನು ಡಿಎಫ್‌ಟಿಯಲ್ಲಿ ಸರಿಪಡಿಸಿ ಆ ಸಂಖ್ಯೆಗಳನ್ನೇ ಕೊಡಿ, ಊಹೆಯವನ್ನಲ್ಲ.

ಬಂದ ಪಟ್ಟಿಯನ್ನು ಜರಡಿ ಹಿಡಿಯಲು ಒಂದೇ ಸಂಖ್ಯೆ ಸಾಕು, ಒತ್ತಡ ಶಕ್ತಿ: ಸಂಕೀರ್ಣದಿಂದ ಲೋಹ ತೆಗೆದು ಲಿಗ್ಯಾಂಡನ್ನು ಅದೇ ಭಂಗಿಯಲ್ಲಿ ಇಟ್ಟಾಗಿನ ಶಕ್ತಿಯಿಂದ ಅದರ ನಿರಾಳ ಭಂಗಿಯ ಶಕ್ತಿ ಕಳೆಯುವುದು. ಎರಡೂ ಲೋಹದ ಸಂಕೀರ್ಣಕ್ಕೆ ಇದನ್ನು ತೆಗೆದರೆ, ನಿರಾಳ ಭಂಗಿ ಸಮಾನವಾದ್ದರಿಂದ ವ್ಯತ್ಯಾಸದಲ್ಲಿ ಅದೂ ಹೊಡೆದುಹೋಗುತ್ತದೆ. ಸತುವಿನಲ್ಲಿ ಒತ್ತಡ ಹೆಚ್ಚು, ಕ್ಯಾಡ್ಮಿಯಂನಲ್ಲಿ ಕಡಿಮೆ ಇರುವವನ್ನು ಮಾತ್ರ ಮೇಲಿನ ಪೂರ್ಣ ಲೆಕ್ಕಕ್ಕೆ ಕಳಿಸಿ. ದಾನಿಗಳ ಸಂಖ್ಯೆ ಎರಡರಲ್ಲೂ ಒಂದೇ ಇದ್ದರೆ ಮಾತ್ರ ಈ ಹೋಲಿಕೆಗೆ ಅರ್ಥ.

ಕೀಲೇಟ್ ಕುತೂಹಲಿ

ವಿನಿಮಯ ಸಮೀಕರಣಕ್ಕೆ ಬದಲಿಸಿದ ಮೇಲೆ ಇಜಿಟಿಎ ಬಿಟ್ಟು ಉಳಿದ ಆರು ಲಿಗ್ಯಾಂಡುಗಳು ಒಂದು ರೇಖೆಗೆ ಹತ್ತಿರ ಬಂದಿವೆ, ಇಳಿಜಾರು ಮಾತ್ರ 1ಕ್ಕಿಂತ ಹೆಚ್ಚು. ಇಜಿಟಿಎ ಒಂದು ರೇಖೆಯಿಂದ ಬಹಳ ಹೊರಗಿದೆ. ಪ್ರಯೋಗಕ್ಕಿಂತ ತುಂಬಾ ಹೆಚ್ಚು ಕ್ಯಾಡ್ಮಿಯಂ ಕಡೆ. ಸತುವಿನ ಸಂಕೀರ್ಣವನ್ನು ಕ್ಯಾಡ್ಮಿಯಂನದರಲ್ಲಿ ಲೋಹ ಬದಲಿಸಿ ಶುರು ಮಾಡಿದ್ದು. ಭಂಗಿ ಹುಡುಕುವಾಗ ಎರಡಕ್ಕೂ ಎಂಟೂ ದಾನಿಗಳಿಗೆ ಕಟ್ಟು ಹಾಕಿದೆ.

ಉಷ್ಣಚಕ್ರ

ಕಾರಣವನ್ನು ನೀವೇ ಬರೆದಿದ್ದೀರಿ. ಎಂಟು ದಾನಿಗಳಿಗೂ ಕಟ್ಟು ಹಾಕಿ ಸತುವನ್ನು ಅದಕ್ಕೆ ಆಗದ ಜಾಗದಲ್ಲಿ ಕೂರಿಸಿದ್ದೀರಿ. ಕಟ್ಟು ತೆಗೆದ ಮೇಲೂ ಅದು ಹತ್ತಿರದ ಕುಳಿಗೆ ಜಾರುತ್ತದೆಯೇ ಹೊರತು ತೋಳು ಬಿಡಿಸಿಕೊಂಡು ನೀರಿಗೆ ಹೊರಳಿಸುವ ಭಂಗಿಯನ್ನು ತಾನಾಗಿ ಹುಡುಕುವುದಿಲ್ಲ. ಸತುವಿನ ಸಂಕೀರ್ಣ ಇಲ್ಲದ ಕಷ್ಟ ಅನುಭವಿಸುತ್ತಿದೆ, ಅದರ ಲಾಭ ಕ್ಯಾಡ್ಮಿಯಂಗೆ ಹೋಗುತ್ತಿದೆ.

ಸತುವಿಗೆ ಬೇರೆಯಾಗಿಯೇ ಶುರು ಮಾಡಿ. ಎರಡು ಸಾರಜನಕ ಮತ್ತು ನಾಲ್ಕು ಕಾರ್ಬಾಕ್ಸಿಲೇಟ್ ಹಿಡಿದು ಈಥರ್ ಬಿಟ್ಟದ್ದು ಒಂದು. ಒಂದು ಈಥರ್ ಹಿಡಿದು ಒಂದು ಕಾರ್ಬಾಕ್ಸಿಲೇಟ್ ಬಿಟ್ಟದ್ದು ಇನ್ನೊಂದು. ಎರಡೂ ಈಥರ್ ಹಿಡಿದು ಎರಡು ಕಾರ್ಬಾಕ್ಸಿಲೇಟ್ ಬಿಟ್ಟದ್ದು ಮತ್ತೊಂದು. ಒಂದು ಸಾರಜನಕದ ಕಡೆಯಷ್ಟೇ ಹಿಡಿದು ಉಳಿದ ಜಾಗಕ್ಕೆ ನೀರು ಕೂತದ್ದೂ ಇರಲಿ. ಪ್ರತಿಯೊಂದಕ್ಕೂ ಆಯಾ ದಾನಿಗಳಿಗೆ ಮಾತ್ರ ಕಟ್ಟು ಹಾಕಿ ಕ್ರೆಸ್ಟ್ ಓಡಿಸಿ, ಎಲ್ಲವನ್ನೂ ಒಂದೇ ಮಟ್ಟದಲ್ಲಿ ಸರಿಪಡಿಸಿ ಕೆಳಗಿನದನ್ನು ಆರಿಸಿ. ಬಿಟ್ಟ ಕಾರ್ಬಾಕ್ಸಿಲೇಟ್ ಹೊರಗೆ ಚಾಚಿರುವಾಗ ಅದರ ಆವೇಶವನ್ನು ನಿರಂತರ ಮಾದರಿ ಸರಿಯಾಗಿ ತಣಿಸುವುದಿಲ್ಲ, ಅದರ ಸುತ್ತ ಎರಡು ಮೂರು ನಿಜವಾದ ನೀರಿನ ಅಣುಗಳನ್ನು ಇಡಿ, ಕ್ಯಾಡ್ಮಿಯಂ ಕಡೆಯೂ ಅಷ್ಟೇ ಎಣಿಕೆ ಇರಲಿ. ಮೊಲ್‌ಸಿಂಪ್ಲಿಫೈ ಅಥವಾ ಆರ್ಕಿಟೆಕ್ಟರ್ ಎಂಬ ತಂತ್ರಾಂಶ ಬಳಸಿದರೆ ಬೇರೆ ಬೇರೆ ದಾನಿ ಜೋಡಣೆಗಳ ಆರಂಭಿಕ ರಚನೆಗಳನ್ನು ಕೈಯಲ್ಲಿ ಕಟ್ಟುವ ಶ್ರಮ ಉಳಿಯುತ್ತದೆ.

ಇಳಿಜಾರು 1ಕ್ಕಿಂತ ಹೆಚ್ಚು ಬರುವುದು ಸಾಮಾನ್ಯ. ಲೆಕ್ಕದಲ್ಲಿ ನೀವು ಒಂದೇ ರಚನೆ ಇಡುತ್ತೀರಿ, ನಿಜವಾದ ದ್ರಾವಣದಲ್ಲಿ ಒತ್ತಡಕ್ಕೆ ಸಿಕ್ಕ ಸಂಕೀರ್ಣ ಬೇರೆ ಭಂಗಿಗಳಿಗೆ ಹೊರಳಿ ಭಾರ ಇಳಿಸಿಕೊಳ್ಳುತ್ತದೆ. ರೇಖೆಯಿಂದ ತಿದ್ದಿದ ಮೇಲೆ ಹೊರಗಿಟ್ಟ ಎಚ್‌ಇಡಿಟಿಎ 1 ಲಾಗ್ ಘಟಕದೊಳಗೆ ಬಂದರೆ ಮುಂದುವರಿಯಿರಿ. ಬರದಿದ್ದರೆ ಹೊಸ ಲಿಗ್ಯಾಂಡುಗಳನ್ನು ಮುಟ್ಟಬೇಡಿ. ಇಜಿಟಿಎಯನ್ನು ಪಟ್ಟಿಯಿಂದ ಕೈಬಿಟ್ಟು ರೇಖೆ ಚಂದ ಮಾಡುವುದಂತೂ ಬೇಡ. ಉಳಿದ ಆರು −1.4 ಮತ್ತು +0.7ರ ನಡುವೆ ಗುಂಪಾಗಿವೆ. ನಿಮ್ಮ ಹೊಸ ಲಿಗ್ಯಾಂಡ್ ಇರಬೇಕಾದ ದೂರದ ತುದಿಯಲ್ಲಿ ನಿಂತಿರುವುದು ಇಜಿಟಿಎ ಒಂದೇ.

ಬ್ಯುರೆಟ್

ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಲೆಕ್ಕದಿಂದ ಪರೀಕ್ಷಾನಾಳಕ್ಕೆ ಬಂದಾಗ ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ.

ಕೋಷ್ಟಕದ ಲಾಗ್ ಕೆ ಪ್ರೋಟಾನುಗಳನ್ನೆಲ್ಲ ಕಳೆದುಕೊಂಡ ಲಿಗ್ಯಾಂಡಿಗೆ. ಇಡಿಟಿಎಯ ಕೊನೆಯ ಎರಡು ಪಿಕೆಎ ಮೌಲ್ಯಗಳು (ಪ್ರೋಟಾನ್ ಅರ್ಧಕ್ಕರ್ಧ ಕಳಚುವ ಪಿಎಚ್) ಸುಮಾರು 6.2 ಮತ್ತು 10.2. ಪಿಎಚ್ 7ರಲ್ಲಿ ನಾಲ್ಕು ಋಣ ಆವೇಶದ ರೂಪದಲ್ಲಿರುವುದು ಹತ್ತು ಸಾವಿರದಲ್ಲಿ ಐದು ಭಾಗದಷ್ಟು. ಲಾಗ್ ಕೆಯಲ್ಲಿ 3.3 ಘಟಕ ಅಲ್ಲೇ ಕಳೆಯಿತು. ಸತುವಿನ 16.5 ನಿಜದಲ್ಲಿ 13.2, ಕ್ಯಾಲ್ಸಿಯಂನ 10.7 ನಿಜದಲ್ಲಿ 7.4. ಸತು-ಕ್ಯಾಡ್ಮಿಯಂ ಹೋಲಿಕೆಯಲ್ಲಿ ಈ ಕಡಿತ ಎರಡಕ್ಕೂ ಒಂದೇ, ಆಯ್ಕೆ ಬದಲಾಗುವುದಿಲ್ಲ. ಆದರೆ ಒಂದು ಲೋಹದ ಸಂಕೀರ್ಣ ಮಾತ್ರ ತೋಳಿನಲ್ಲಿ ಪ್ರೋಟಾನ್ ಹಿಡಿದುಕೊಂಡರೆ ಬದಲಾಗುತ್ತದೆ. ಇಜಿಟಿಎಯಲ್ಲಿ ಸತು ಬಿಟ್ಟ ಕಾರ್ಬಾಕ್ಸಿಲೇಟ್ ಅಂಥ ಜಾಗ. ಪಿಎಚ್ 4ರ ನೀರಿಗೆ ವಿನ್ಯಾಸ ಮಾಡುವಾಗ ಪ್ರೋಟಾನ್ ಹೊತ್ತ ಸಂಕೀರ್ಣವನ್ನೂ ಲೆಕ್ಕ ಹಾಕಿರಬೇಕು. ಮೇಲಿನ ತುದಿಯಲ್ಲಿ ಹೈಡ್ರಾಕ್ಸೈಡ್ ಇದೆ: ನೀರು ಸುತ್ತಿದ ಸತು ಪಿಎಚ್ 9ರ ಹತ್ತಿರ ಪ್ರೋಟಾನ್ ಕಳೆದುಕೊಳ್ಳಲು ಶುರು ಮಾಡುತ್ತದೆ, ಕ್ಯಾಡ್ಮಿಯಂ 10ರ ಹತ್ತಿರ.

ಮರೆತುಹೋಗುವ ಎದುರಾಳಿ ಕ್ಲೋರೈಡ್. ಸತುವನ್ನು ಅದು ಅಷ್ಟಾಗಿ ಹಿಡಿಯುವುದಿಲ್ಲ, ಕ್ಯಾಡ್ಮಿಯಂ ಜೊತೆ ಮೊದಲ ಹಂತದ ಲಾಗ್ ಕೆ ದುರ್ಬಲ ದ್ರಾವಣದಲ್ಲಿ ಸುಮಾರು 2. ಸಮುದ್ರದ ನೀರಿನಷ್ಟು ಉಪ್ಪಿದ್ದರೆ ಕ್ಯಾಡ್ಮಿಯಂನ ಬಹುಪಾಲು ಕ್ಲೋರೈಡ್ ಸಂಕೀರ್ಣವಾಗಿರುತ್ತದೆ, ನಿಮ್ಮ ಆಯ್ಕೆಯಲ್ಲಿ ಒಂದು ಲಾಗ್ ಘಟಕಕ್ಕೂ ಹೆಚ್ಚು ಅದಕ್ಕೇ ಹೋಗುತ್ತದೆ. ಕ್ಯಾಲ್ಸಿಯಂ ಬೇರೆ ರೀತಿಯ ಎದುರಾಳಿ, ಅದರ ಬಲ ಸಂಖ್ಯೆಯಲ್ಲಿದೆ. ಇಜಿಟಿಎ ಅದನ್ನು ಲಾಗ್ ಕೆ 11ರ ಹತ್ತಿರ ಹಿಡಿಯುತ್ತದೆ. ಕ್ಯಾಡ್ಮಿಯಂಗಿಂತ 5.5 ಘಟಕ ಕಡಿಮೆ ನಿಜ, ಆದರೆ ನೀರಿನಲ್ಲಿ ಕ್ಯಾಲ್ಸಿಯಂ ಮಿಲಿಮೋಲಾರ್, ಕ್ಯಾಡ್ಮಿಯಂ ನ್ಯಾನೊಮೋಲಾರ್ ಇದ್ದರೆ ಸಾಂದ್ರತೆಯ ಅನುಪಾತವೇ ಹತ್ತರ ಆರನೆಯ ಘಾತ. ಲಿಗ್ಯಾಂಡ್ ಧಾರಾಳವಾಗಿದ್ದರೆ ಚಿಂತೆಯಿಲ್ಲ, ಕಡಿಮೆಯಿದ್ದರೆ ಅದರ ಹೆಚ್ಚಿನ ಪಾಲು ಕ್ಯಾಲ್ಸಿಯಂಗೇ ಖರ್ಚಾಗುತ್ತದೆ. ಹಾಗಾಗಿ ನಿಮ್ಮ ವಿನಿಮಯ ಲೆಕ್ಕಕ್ಕೆ ಕ್ಯಾಲ್ಸಿಯಂ ಅನ್ನೂ ಮೂರನೆಯ ಲೋಹವಾಗಿ ಸೇರಿಸಿ. ಟಿಪಿಇಎನ್ ಕಡೆ ಒಮ್ಮೆ ನೋಡಿ: ಕ್ಯಾಡ್ಮಿಯಂ 16.3, ಕ್ಯಾಲ್ಸಿಯಂ 4.4. ಕಾರ್ಬಾಕ್ಸಿಲೇಟಿನ ಬದಲು ಪಿರಿಡೀನ್ ಇಟ್ಟದ್ದರ ಫಲ ಅದು. ಪಿರಿಡೀನ್ ತೋಳು, ಈಥರ್ ಸರಪಳಿ ಎರಡನ್ನೂ ಒಂದೇ ಲಿಗ್ಯಾಂಡಿನಲ್ಲಿ ಕೂಡಿಸಿ ಲೆಕ್ಕ ಹಾಕುವುದು ನನ್ನ ಪ್ರಕಾರ ಮೊದಲ ಪ್ರಯತ್ನಕ್ಕೆ ಯೋಗ್ಯ. ಆವೇಶವಿಲ್ಲದ ಲಿಗ್ಯಾಂಡ್ ಆದ್ದರಿಂದ ದ್ರಾವಕ ಮಾದರಿಯ ತಪ್ಪೂ ಕಡಿಮೆ. ಪಿರಿಡೀನ್ ಹೆಚ್ಚಿದಷ್ಟು ನೀರಿನಲ್ಲಿ ಕರಗುವುದು ಕಷ್ಟವಾಗುತ್ತದೆ, ಅದನ್ನು ಮೊದಲೇ ಯೋಚಿಸಿರಿ.

ಅಳೆಯುವಾಗ ಲಿಗ್ಯಾಂಡ್ 1 ಮಿಲಿಮೋಲಾರ್, ಲೋಹ ಅದಕ್ಕಿಂತ ತುಸು ಕಡಿಮೆ, ಹಿನ್ನೆಲೆಗೆ 0.1 ಮೋಲಾರ್ ಪೊಟ್ಯಾಸಿಯಂ ನೈಟ್ರೇಟ್, 25 ಡಿಗ್ರಿ, ಮೇಲೆ ಆರ್ಗಾನ್. ಪೊಟ್ಯಾಸಿಯಂ ಕ್ಲೋರೈಡ್ ಬಳಸಬೇಡಿ, ಕಾರಣ ಮೇಲೆ ಹೇಳಿದೆ. ಕ್ಷಾರದಲ್ಲಿ ಕಾರ್ಬೊನೇಟ್ ಸೇರಿದ್ದರೆ ಪಿಎಚ್ 6ರಿಂದ 7ರ ನಡುವೆ ವಕ್ರರೇಖೆ ಸೊಟ್ಟಗಾಗುತ್ತದೆ, ಅದನ್ನು ಹೊಸ ಸಂಕೀರ್ಣ ಎಂದು ಓದಿಕೊಳ್ಳುವ ಅಪಾಯವಿದೆ. ಸಂಕೀರ್ಣ ಪಿಎಚ್ 2ರಲ್ಲೇ ಪೂರ್ತಿ ರೂಪುಗೊಂಡಿದ್ದರೆ ನೇರ ಟೈಟ್ರೇಷನ್ ಏನನ್ನೂ ಹೇಳದು. ಆಗ ಲಾಗ್ ಕೆ ಗೊತ್ತಿರುವ ಇನ್ನೊಂದು ಲಿಗ್ಯಾಂಡನ್ನು ಪೈಪೋಟಿಗೆ ಹಾಕಿ ಅಳೆಯಬೇಕು.

ಕಚ್ಚುಕೋನ

ಬ್ಯುರೆಟ್ ಹೇಳಿದ ಪಿರಿಡೀನ್-ಈಥರ್ ಜೋಡಣೆಗೆ ಒಂದು ಮಾತು ಸೇರಿಸುತ್ತೇನೆ. ಪಿರಿಡೀನ್ ತೋಳಿನ ಮಿಥಿಲೀನ್ ಒಂದೇ ಇರಲಿ, ಆಗ ಉಂಗುರ ಐದರದ್ದಾಗಿ ಉಳಿಯುತ್ತದೆ. ಎರಡಾದರೆ ಆರರ ಉಂಗುರವಾಗಿ ಸತುವಿಗೆ ಅನುಕೂಲ. ಪಿರಿಡೀನಿನ ಆರನೆಯ ಸ್ಥಾನದಲ್ಲಿ, ಅಂದರೆ ಸಾರಜನಕದ ಇನ್ನೊಂದು ಪಕ್ಕದಲ್ಲಿ, ಮಿಥೈಲ್ ಇಟ್ಟರೆ ಅದು ಲೋಹದ ಕಡೆಗೆ ಚಾಚಿ ಬಂಧವನ್ನು ಉದ್ದ ಮಾಡುತ್ತದೆ. 2.1 ಬೇಕಾದ ಸತುವಿಗೆ ಅದು ಚುಚ್ಚುತ್ತದೆ, 2.35ರ ಕ್ಯಾಡ್ಮಿಯಂಗೆ ಅಷ್ಟಿಲ್ಲ. ನಾಲ್ಕು ತೋಳಿಗೂ ಒಟ್ಟಿಗೆ ಹಾಕಬೇಡಿ, ಕ್ಯಾಡ್ಮಿಯಂಗೂ ಇಕ್ಕಟ್ಟಾದೀತು. ಸೊನ್ನೆ, ಒಂದು, ಎರಡು ಮಿಥೈಲ್ ಇರುವ ಮೂರು ಲಿಗ್ಯಾಂಡ್ ಲೆಕ್ಕ ಹಾಕಿ. ಎರಡರದ್ದರಲ್ಲಿ ಮಿಥೈಲ್‌ಗಳು ಒಂದೇ ಸಾರಜನಕದ ತೋಳುಗಳಲ್ಲಿರುವುದು, ಎದುರು ಸಾರಜನಕಗಳಲ್ಲಿರುವುದು ಎಂದು ಎರಡು ಬಗೆಯಿದೆ. ಎರಡನ್ನೂ ಪ್ರತ್ಯೇಕ ಅಣುಗಳೆಂದೇ ಎಣಿಸಿ, ಕ್ರೆಸ್ಟ್ ಒಂದರಿಂದ ಇನ್ನೊಂದಕ್ಕೆ ಹೋಗಲಾರದು.